ಚಿದ್ರಿಯಲ್ಲಿ ಡಬ್ಬಿ ಬಚ್ಚಿಡೋ ಹಾಗಿಲ್ಲ, ಹೆಸರು ಬರೆಯೋಕೆ ಏನು ಅಡ್ಡಿ?

ಚಿದ್ರಿ (ಬೀದರ್): ರೈಲು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮೈಕಿನಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. ಚಿಕ್ಕಂದಿನಿಂದ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ ಆಗಿದೆ. ಆದರೆ ಹೊರದೇಶಗಳಲ್ಲಿ ಜನ ರಜೆ ಹಾಕಿ, ನೀರಿನ ಬಾಟಲಿ ಹಿಡಿದು, ಮಕ್ಕಳನ್ನ ಕರ್ಕೊಂಡು ಇಂಥದ್ದೇ ಡಬ್ಬಿ ಹುಡುಕಲು ಬೆಟ್ಟ ಹತ್ತುತ್ತಾರೆ. ಸಿಕ್ಕರೆ ಖುಷಿಯಿಂದ ಮುಚ್ಚಳ ತೆಗೆದು ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಮತ್ತೆ ಅಲ್ಲೇ ಮುಚ್ಚಿಟ್ಟು ಬರ್ತಾರೆ. ಈ ಆಟದ ಹೆಸರು ಜಿಯೋಕ್ಯಾಚಿಂಗ್. ಡಬ್ಬಿಗೆ ಜಿಯೋಕ್ಯಾಚ್ ಅಂತಾರೆ.

ಆಟ ಹುಟ್ಟಿದ ಕತೆಯಲ್ಲೂ ಫೌಜಿನ ವಾಸನೆ ಇದೆ. ಜಿಪಿಎಸ್ ಮೊದಲು ಅಮೆರಿಕದ ಸೇನೆಗೆಂದೇ ಕಟ್ಟಿದ ವ್ಯವಸ್ಥೆ. ಸಾಮಾನ್ಯ ಜನರಿಗೆ ಸಿಗುವ ಸಿಗ್ನಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿದ್ದರು. ನೂರು ಮೀಟರ್ ಆಚೀಚೆ ತೋರಿಸಿದರೂ ಕೇಳುವ ಹಾಗಿರಲಿಲ್ಲ. 2000ರ ಮೇ ತಿಂಗಳ ಆರಂಭದಲ್ಲಿ ಆ ಕೆಡಿಸುವಿಕೆಯನ್ನು ನಿಲ್ಲಿಸಿದರು. ಮರುದಿನವೇ ಒರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬಾತ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅಕ್ಷಾಂಶ ರೇಖಾಂಶ ಹೇಳಿ, ಹುಡುಕ್ರಿ ನೋಡೋಣ ಅಂದ. ಈಗ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಡಬ್ಬಿಗಳಿವೆ. ಬರೀ ಮೋಜಿಗೆ ಇಟ್ಟವು ಕೆಲವು. ಹಳೆಯ ಬೆಟ್ಟದ ರೈಲು ಕೆಳಗೆ ಸುತ್ತಿಕೊಂಡು ಹೋಗುವುದು ಕಾಣುವ ದಿಬ್ಬದ ಮೇಲೆ, ಯುದ್ಧದ ಕಾಲದಲ್ಲಿ ಸೇವೆ ಮಾಡಿದವರ ಹೆಸರಿಗೆ ಅರ್ಪಿಸಿ ಇಟ್ಟವು ಇನ್ನು ಕೆಲವು. ಅಂಥ ಡಬ್ಬಿ ಹುಡುಕಿ ಹೋದವರಿಗೆ ನೋಟವೂ ಸಿಗುತ್ತದೆ, ಒಂದು ಕತೆಯೂ ಸಿಗುತ್ತದೆ.

ಇದರಾಗ ಬೀದರ್‌ಗೆ ಏನ್ ಸಂಬಂಧ ಅಂತ ಕೇಳಬಹುದು. ಇದೆ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಜಾಗ ಅಂದರೆ ಡಾರ್ಜಿಲಿಂಗ್‌ನ ಬತಾಸಿಯಾ ಲೂಪ್. ಎರಡಡಿ ಅಗಲದ ಹಳಿಯ ಆ ಪುಟ್ಟ ರೈಲು 1881ರಿಂದ ಓಡುತ್ತಿದೆ, 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಏರು ತಡೆಯಲಾರದೆ ರೈಲು ಅಲ್ಲಿ ಪೂರ್ತಿ ಒಂದು ಸುತ್ತು ಹಾಕುತ್ತದೆ. ಆ ಸುತ್ತಿನ ನಡುಮಧ್ಯೆ, 1995ರಲ್ಲಿ, ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ ಗೋರ್ಖಾ ಸೈನಿಕರ ಸ್ಮಾರಕ ನಿಲ್ಲಿಸಿದರು. ಕಂಚಿನ ಸೈನಿಕ ನಿಂತಿದ್ದಾನೆ, ಹೆಸರುಗಳನ್ನು ಕೆತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಇದೇ ರೈಲು ಸೈನಿಕರನ್ನು ಹೊತ್ತು ಬೆಟ್ಟ ಹತ್ತಿತ್ತು, ಗಾಯಾಳುಗಳಿಗೆ ಆಂಬುಲೆನ್ಸ್ ಗಾಡಿಯೂ ಆಗಿತ್ತು. ಅಲ್ಲಿಗೆ ಹೋಗೋರು ಸ್ಮಾರಕ ನೋಡಬೇಕು ಅಂತ ಹೋಗಲ್ಲ, ರೈಲು ನೋಡಕ್ಕೆ, ಫೋಟೋ ತೆಗೆಯಕ್ಕೆ ಹೋಗ್ತಾರೆ. ಆದರೆ ಹೆಸರುಗಳು ದಾರಿಗೆ ಅಡ್ಡ ಸಿಗ್ತವೆ. ಗಮನಿಸಬೇಕಾದ ಸಂಗತಿ ಇದೇ. ಜನ ಹೇಗೂ ಬರುವ ಜಾಗಕ್ಕೆ ನೆನಪನ್ನು ತಂದಿಟ್ಟಿದ್ದಾರೆ.

ಕರ್ನಾಟಕದ ಬೆಟ್ಟದ ರೈಲುಗಳ ಕತೆ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಐವತ್ತೈದು ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಕ್ಯಾಸಲ್‌ರಾಕ್‌ನಿಂದ ಗೋವಾದ ಕಡೆ ಇಳಿಯುವ ಹಳಿಯಂತೂ ಹತ್ತೊಂಬತ್ತನೇ ಶತಮಾನದ್ದು. ಎರಡೂ ಕಡೆ ಹುಡುಗರು ಹಳಿ ಮೇಲೆ ನಡೆದು ನಡೆದು ಕೊನೆಗೆ ರೈಲ್ವೆಯವರು ಟ್ರೆಕ್ಕಿಂಗ್ ಬಂದ್ ಮಾಡಿದರು. 2023ರ ಜುಲೈನಲ್ಲಿ ದೂಧ್‌ಸಾಗರ್ ಹತ್ತಿರ ಸಿಕ್ಕಿಬಿದ್ದವರಿಗೆ ಹಳಿ ಪಕ್ಕದಲ್ಲೇ ಬಸ್ಕಿ ಹೊಡೆಸಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ನಗು ಬಂದರೂ ಕಾನೂನು ಮಾತ್ರ ನಗುವಂಥದ್ದಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪ್ಪಣೆ ಇಲ್ಲದೆ ರೈಲ್ವೆ ಜಾಗಕ್ಕೆ ನುಗ್ಗಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ.

ಇನ್ನು ಬೀದರ್. ಇಲ್ಲಿ ಘಾಟಿ ಅನ್ನುವಂಥ ದೊಡ್ಡ ಘಾಟಿ ಇಲ್ಲ. ಆದರೆ ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ವಿಕಾರಾಬಾದ್ ಕಡೆಯಿಂದ ಬಂದ ಹಳಿ ಬೀದರ್ ಮುಟ್ಟಿ, ಆಮೇಲೆ ಭಾಲ್ಕಿ, ಕಮಲನಗರದ ಮೇಲೆ ಮಾಂಜ್ರಾ ತಗ್ಗು ದಾಟಿ ಉದಗೀರ ಕಡೆ ಹೋಗುತ್ತದೆ. 1930ರ ದಶಕದ ಆರಂಭದಲ್ಲಿ ನಿಜಾಮರ ರೈಲ್ವೆ ಹಾಕಿದ ಹಳಿ ಇದು. 2017ರ ಅಕ್ಟೋಬರ್ 29ರಂದು ಶುರುವಾದ ಕಲಬುರಗಿ ಮಾರ್ಗದಲ್ಲಿ ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗವನ್ನೇ ಮಾಡಬೇಕಾಯಿತು. ಅಂದಮೇಲೆ ಏರಿಳಿತದ ರೈಲು ನಮ್ಮಲ್ಲೂ ಇದೆ ಅನ್ನಿ.

ಯುದ್ಧದ ಕತೆ ಬೇಕಾದರೆ ಚಿದ್ರಿಗೆ ಬರಬೇಕು. ಬೆಳಿಗ್ಗೆ ತಲೆ ಮೇಲೆ ಹಾಕ್ ವಿಮಾನ ಹೋದರೆ ಚಿದ್ರಿಯವರು ಕತ್ತು ಎತ್ತಿ ಸಹ ನೋಡಲ್ಲ, ಅಷ್ಟು ರೂಢಿಯಾಗಿದೆ. ಈ ಏರ್‌ಫೀಲ್ಡ್ ಎರಡನೇ ಮಹಾಯುದ್ಧದ ಕಾಲದ್ದು, 1942ರದ್ದು. 1963ರಿಂದ ವಾಯುಪಡೆಯ ತರಬೇತಿ ಕೇಂದ್ರ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ. 2006ರ ಮಾರ್ಚ್‌ನಲ್ಲಿ ಅದೇ ತಂಡದ ಇಬ್ಬರು ಪೈಲಟ್‌ಗಳು ಬೀದರ್ ಬಳಿ ಅಭ್ಯಾಸದ ವೇಳೆ ವಿಮಾನ ಬಿದ್ದು ಪ್ರಾಣ ಬಿಟ್ಟರು. 2020ರ ಫೆಬ್ರವರಿಯಿಂದ ಇದೇ ರನ್‌ವೇ ಮೇಲೆ ಸಾಮಾನ್ಯರ ವಿಮಾನವೂ ಇಳಿಯತೊಡಗಿತು, ನಡುನಡುವೆ ನಿಂತೂ ಹೋಯಿತು.

ಇಂಥ ಜಾಗದ ಅಕ್ಕಪಕ್ಕ ಯಾರಾದರೂ ಆಟಕ್ಕೆಂದು ಡಬ್ಬಿ ಬಚ್ಚಿಟ್ಟರೆ ಏನಾಗುತ್ತದೆ ಅನ್ನುವುದನ್ನು ಹೇಳಬೇಕಾಗಿಲ್ಲ. ಬಾಂಬ್ ನಿಷ್ಕ್ರಿಯ ದಳ ಬರುತ್ತದೆ, ನಾಯಿ ಬರುತ್ತದೆ, ಇಟ್ಟವನ ಮನೆಗೆ ಜೀಪ್ ಹೋಗುತ್ತದೆ. ಆಟದ ನಿಯಮವೇ ಇದಕ್ಕೆ ಅವಕಾಶ ಕೊಡಲ್ಲ. ಸೇನಾ ನೆಲೆ, ವಿಮಾನ ನಿಲ್ದಾಣ, ಓಡುವ ರೈಲಿನ ಹಳಿ ಇವುಗಳ ಹತ್ತಿರ ಡಬ್ಬಿ ಇಡಬಾರದು ಅಂತಲೇ ಅದನ್ನು ನಡೆಸುವವರು ಹೇಳುತ್ತಾರೆ. ಹಾಗಾಗಿ ಡಬ್ಬಿಯ ಮಾತು ಇಲ್ಲಿಗೇ ಬಿಡೋಣ.

ಬಿಡಬಾರದ್ದು ಆ ಡಬ್ಬಿಯ ಮೇಲೆ ಬರೆದ ಅರ್ಪಣೆಯ ಮಾತನ್ನು. ಯುದ್ಧದ ಕಾಲದಲ್ಲಿ ಸೇವೆ ಮಾಡಿದವರು ನಮ್ಮಲ್ಲಿ ಯಾರು? ಅವರ ಹೆಸರು ಎಲ್ಲಿ ಬರೆಯಬೇಕು? ಕೇಳಲು ಸುಲಭ, ಆದರೆ ಬೀದರ್ ಜಿಲ್ಲೆಯಲ್ಲಿ ಇಷ್ಟು ತೊಡಕಿನ ಪ್ರಶ್ನೆ ಇನ್ನೊಂದು ಸಿಗುವುದು ಕಷ್ಟ.

ಮೈಸೂರಿನವರಿಗೆ ಈ ತೊಡಕಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಕುದುರೆ ಮೇಲೆ ನುಗ್ಗಿ ಹೈಫಾ ಊರನ್ನು ಹಿಡಿದರು. ಹಿಜಾಜ್ ರೈಲ್ವೆಯ ಕವಲು ಬಂದು ಸೇರುತ್ತಿದ್ದ ಬಂದರು ಅದು, ಮೇಲೆ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲಿನ ಫಿರಂಗಿಗಳನ್ನು ಸುಮ್ಮನಾಗಿಸಲು ಆ ಏರು ಹತ್ತಿದ್ದು ಮೈಸೂರಿನ ಸವಾರರು. ಬೆಂಗಳೂರಿನಲ್ಲಿ ಅವರ ಸ್ಮಾರಕ ಸ್ತಂಭ ಇದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಒಂದು ಲೇಖನ ಬಂದೇ ಬರುತ್ತದೆ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರ ಜನವರಿಯಲ್ಲಿ ಹೈಫಾ ಹೆಸರು ಸೇರಿಸಿದಾಗ ಕರ್ನಾಟಕದ ತುಂಬ ಸುದ್ದಿಯಾಯಿತು.

ತೀನ್ ಮೂರ್ತಿ ಅಂದರೆ ಮೂರು ಮೂರ್ತಿ. ಒಂದು ಜೋಧಪುರ, ಒಂದು ಮೈಸೂರು. ಮೂರನೆಯದು ಯಾರದು? ಹೈದರಾಬಾದ್ ಲ್ಯಾನ್ಸರ್‌ಗಳದ್ದು. ಹೈಫಾ ದಾಳಿಯ ದಿನ ಮುಂದೆ ನುಗ್ಗಿದವರು ಅವರಲ್ಲ, ಆದರೆ ಅದೇ 15ನೇ ಬ್ರಿಗೇಡ್‌ನಲ್ಲಿ, ಅದೇ ಮರಳುಗಾಡಿನ ಯುದ್ಧದಲ್ಲಿ ವರ್ಷಗಟ್ಟಲೆ ಇದ್ದವರು. ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಲೆಕ್ಕಕ್ಕೆ ಬಂದರೆ ಆ ಮೂರನೇ ಮೂರ್ತಿಯ ಮೇಲೆ ಕಲ್ಯಾಣ ಕರ್ನಾಟಕಕ್ಕೂ ಒಂದು ಪಾಲು ಇದೆ. ಆದರೆ ಕರ್ನಾಟಕದ ಪಠ್ಯ, ಭಾಷಣ, ಬ್ಯಾನರ್‌ಗಳಲ್ಲಿ ಅವರು ಬರೋದಿಲ್ಲ, ಅವರು ‘ನಿಜಾಮರ ಕಡೆಯವರು’. ಹೈದರಾಬಾದ್ ಕಡೆ ಹೋದರೆ ಅಲ್ಲಿ ಬೀದರ್ ನೆನಪಿಲ್ಲ, ಯಾಕೆಂದರೆ ಬೀದರ್ ಈಗ ಕರ್ನಾಟಕದ್ದು.

ಎರಡನೇ ಯುದ್ಧಕ್ಕೆ ಬನ್ನಿ. ಬ್ರಿಟನ್ನಿನ ವಾಯುಪಡೆಯಲ್ಲಿ ಹೈದರಾಬಾದ್ ಹೆಸರು ಹೊತ್ತ ಸ್ಕ್ವಾಡ್ರನ್‌ಗಳಿದ್ದವು: 110, 152, 253. ನಿಜಾಮರು ಕೊಟ್ಟ ದುಡ್ಡಿನ ಕೃತಜ್ಞತೆಗೆ ಸಿಕ್ಕ ಹೆಸರುಗಳು. 253 ಹರಿಕೇನ್ ವಿಮಾನಗಳೊಂದಿಗೆ 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಿತು. 152 ಸ್ಪಿಟ್‌ಫೈರ್‌ಗಳನ್ನು ತಗೊಂಡು ಬರ್ಮಾ ಯುದ್ಧಕ್ಕೂ ಬಂತು. ನಿಜಾಮರ ದುಡ್ಡು ಅಂತ ಹೇಳಿದರೂ ಸಂಸ್ಥಾನದ ಸಂಪತ್ತು ಕೊನೆಗೆ ಬರುತ್ತಿದ್ದುದು ಹೊಲದಿಂದಲೇ. ಕಂದಾಯ ಕಟ್ಟಿದ ಔರಾದ್, ಭಾಲ್ಕಿ ಕಡೆಯ ರೈತನಿಗೆ ಸ್ಪಿಟ್‌ಫೈರ್ ಅಂದರೇನು ಅಂತ ಗೊತ್ತಿತ್ತೋ ಇಲ್ಲವೋ.

ದುಡ್ಡಷ್ಟೇ ಹೋಗಲಿಲ್ಲ, ಆಳೂ ಹೋದರು. ಸಂಸ್ಥಾನದ 1ನೇ ಹೈದರಾಬಾದ್ ಇನ್‌ಫೆಂಟ್ರಿಯನ್ನು ಮಲಯಾದ ಕೋಟಾ ಭಾರು ಏರ್‌ಫೀಲ್ಡ್ ಕಾಯಲು ಹಾಕಿದ್ದರು. 1941ರ ಡಿಸೆಂಬರ್ 8ರಂದು ಜಪಾನೀಯರು ಇಳಿದದ್ದು ಅದೇ ದಂಡೆಗೆ. ಪರ್ಲ್ ಹಾರ್ಬರ್ ದಾಳಿಗಿಂತ ಸ್ವಲ್ಪ ಮೊದಲೇ ಅಲ್ಲಿ ಗುಂಡು ಹಾರಿತ್ತು. ಆ ದಳದ ಕಮಾಂಡರ್ ಅಲ್ಲೇ ಸತ್ತ, ದಳ ಚದುರಿತು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದ ಮೇಲೆ ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಗೋರಿಯೂ ಸಿಗದೆ ಹೋದವರ ಹೆಸರುಗಳು ಸಿಂಗಾಪುರದ ಕ್ರಾಂಜಿ ಸ್ಮಾರಕದ ಗೋಡೆ ಮೇಲಿವೆ. ಇಲ್ಲಿ ಒಂದು ಎಚ್ಚರಿಕೆ: ಆಗಿನ ಬ್ರಿಟಿಷ್ ಭಾರತದ ಸೇನೆಯಲ್ಲಿ ‘19ನೇ ಹೈದರಾಬಾದ್ ರೆಜಿಮೆಂಟ್’ ಅಂತ ಬೇರೆಯೇ ಒಂದಿತ್ತು. ಕೊಡಗಿನ ತಿಮ್ಮಯ್ಯನವರು ಬರ್ಮಾದಲ್ಲಿ ಅದರ ಒಂದು ಬೆಟಾಲಿಯನ್ ನಡೆಸಿದ್ದರು. ಅದರಲ್ಲಿ ಇದ್ದವರು ಹೆಚ್ಚಾಗಿ ಉತ್ತರದವರು, 1945ರಲ್ಲಿ ಅದು ಕುಮಾವೂಂ ರೆಜಿಮೆಂಟ್ ಆಯಿತು. ಹೆಸರು ನೋಡಿ ನಮ್ಮದು ಅಂತ ಅಪ್ಪಿಕೊಳ್ಳೋ ಹಾಗಿಲ್ಲ.

ಇಷ್ಟು ತನಕ ದಾರಿ ಸರಳ. ಮುಂದೆ 1948 ಬರುತ್ತದೆ.

ಆ ವರ್ಷ ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬ ವೈಮಾನಿಕ ಕರಾಚಿಯಿಂದ ಕಳ್ಳತನದಲ್ಲಿ ನಿಜಾಮರಿಗೆ ಶಸ್ತ್ರಾಸ್ತ್ರ ತಂದಿಳಿಸುತ್ತಿದ್ದ. ಅವನ ವಿಮಾನಗಳು ರಾತ್ರಿ ಇಳಿಯುತ್ತಿದ್ದ ಏರ್‌ಫೀಲ್ಡ್‌ಗಳಲ್ಲಿ ವರಂಗಲ್ ಜೊತೆ ಬೀದರ್ ಹೆಸರೂ ಇದೆ. ಅಂದರೆ ಈಗ ನಮ್ಮ ವಾಯುಪಡೆಯ ಹುಡುಗರು ಹಾರಲು ಕಲಿಯುವ ಊರಿನಲ್ಲಿ ಆಗ ಭಾರತದ ವಿರುದ್ಧ ಬಳಸಲು ಬಂದೂಕು ಇಳಿಯುತ್ತಿದ್ದವು. ಹಳ್ಳಿಗಳಲ್ಲಿ ರಜಾಕಾರರ ಹಾವಳಿ. ಬಸವಕಲ್ಯಾಣ ಕಡೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ ಇವತ್ತಿಗೂ ಮನೆಮಾತು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸಂಸ್ಥಾನದೊಳಗೆ ನುಗ್ಗಿತು, 17ರ ನಸುಕಿನಲ್ಲಿ ಬೀದರ್ ಹೊಕ್ಕಿತು, ಅದೇ ದಿನ ನಿಜಾಮರು ಸೋಲೊಪ್ಪಿಕೊಂಡರು. ಗೋರಟಾದ ಹುತಾತ್ಮರ ಸ್ಮಾರಕವನ್ನು 2023ರ ಮಾರ್ಚ್ 26ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಉದ್ಘಾಟಿಸಿದರು. ಎಪ್ಪತ್ತೈದು ವರ್ಷ ತಡವಾಗಿ, ಅದೂ ಚುನಾವಣೆಗೆ ತಿಂಗಳೊಪ್ಪತ್ತು ಇದ್ದಾಗ. ಬಂದದ್ದು ಒಳ್ಳೆಯದೇ, ಆದರೆ ಯಾವಾಗ ಬಂತು ಅನ್ನೋದನ್ನೂ ಜನ ಗಮನಿಸಿದ್ದಾರೆ.

ಈ ಹಿನ್ನೆಲೆಯಲ್ಲಿ ನಿಜಾಮರ ಸಮವಸ್ತ್ರ ಹಾಕಿದ್ದವರ ಹೆಸರನ್ನು ಬೀದರ್‌ನಲ್ಲಿ ಕಲ್ಲಿನ ಮೇಲೆ ಬರೆಯೋಣ ಅಂದರೆ ಕೆಲವರ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಅದು ಸುಳ್ಳು ಸಿಟ್ಟಲ್ಲ. ಗೋರಟಾದಲ್ಲಿ ಅಜ್ಜನನ್ನು ಕಳಕೊಂಡ ಮನೆಗೆ ‘ಹೈದರಾಬಾದ್ ಫೌಜ್’ ಅನ್ನುವ ಎರಡು ಪದ ಬರೀ ಇತಿಹಾಸ ಅಲ್ಲ. ಆದರೆ 1918ರಲ್ಲಿ ಪ್ಯಾಲೆಸ್ತೀನಿನಲ್ಲಿದ್ದ ಸವಾರ, 1941ರಲ್ಲಿ ಕೋಟಾ ಭಾರುವಿನಲ್ಲಿ ನಿಂತ ಸಿಪಾಯಿ, 1948ರ ರಜಾಕಾರ ಇವರು ಮೂವರೂ ಒಂದೇ ಅಲ್ಲ. ರಜಾಕಾರರು ಖಾಸಗಿ ಪಡೆ, ಸಂಸ್ಥಾನದ ಸೈನ್ಯ ಬೇರೆ. ಕೋಟಾ ಭಾರುವಿನಲ್ಲಿ ಸತ್ತವನಿಗೆ 1948 ಏನು ಅಂತಲೇ ಗೊತ್ತಿರಲಿಲ್ಲ. ಈ ಮೂವರನ್ನೂ ಒಂದೇ ಗೋಣಿಗೆ ತುಂಬಿದ್ದರಿಂದಲೇ ಜಿಲ್ಲೆಯ ಯುದ್ಧಕಾಲದ ಸೇವೆಯ ಲೆಕ್ಕದಲ್ಲಿ ಇಷ್ಟು ದೊಡ್ಡ ಖಾಲಿ ಜಾಗ ಉಳಿದಿದೆ. ರಾಜನ ಬಾವುಟದ ಪ್ರಕಾರ ಅಲ್ಲ, ಹುಟ್ಟಿದ ಹಳ್ಳಿಯ ಪ್ರಕಾರ ಹೆಸರು ಬರೆದರೆ ಈ ಜಗಳದ ಮುಕ್ಕಾಲು ಭಾಗ ತಾನಾಗಿ ಇಳಿಯುತ್ತದೆ. ಭಾಲ್ಕಿ ತಾಲೂಕಿನ ಇಂಥ ಹಳ್ಳಿಯ ಇಂಥವನು, ಇಂಥ ವರ್ಷ, ಇಂಥ ಕಡೆ. ಅಷ್ಟು ಸಾಕು. ಅದೇ ಸಾಲಿನಲ್ಲಿ 1962, 1965, 1971, ಕಾರ್ಗಿಲ್ ಬರಲಿ. 1948ರಲ್ಲಿ ಪ್ರಾಣ ಕೊಟ್ಟ ಭಾರತದ ಸೈನಿಕರೂ, ಹಳ್ಳಿ ಕಾದ ಜನರೂ ಬರಲಿ. ಯುದ್ಧದ ವೇಳೆ ರೈಲು ಓಡಿಸಿದವರನ್ನೂ, ಏರ್‌ಫೀಲ್ಡಿನ ಮಣ್ಣು ಹೊತ್ತವರನ್ನೂ ಸೇವೆ ಅಂದರೆ ತಪ್ಪೇನು?

ಜಾಗದ ಪ್ರಶ್ನೆಗೆ ಬತಾಸಿಯಾದಲ್ಲೇ ಉತ್ತರ ಇದೆ: ಜನ ಹೇಗೂ ಬರುವ ಕಡೆ. ಏರ್‌ಫೋರ್ಸ್ ಗೇಟಿನೊಳಗೆ ಏನೇ ಕಟ್ಟಿದರೂ ಚಿದ್ರಿಯ ಹುಡುಗನಿಗೇ ಅದನ್ನು ನೋಡಲು ಆಗದು, ಆಗಲೂ ಬಾರದು. ಹಾಗಾಗಿ ಉಳಿಯುವುದು ರೈಲು ನಿಲ್ದಾಣ. ಅಮೃತ ಭಾರತ ಯೋಜನೆಯಲ್ಲಿ ಕರ್ನಾಟಕದ ನಿಲ್ದಾಣಗಳ ಪಟ್ಟಿಯಲ್ಲಿ ಬೀದರ್ ಇದೆ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಕೂಡ ಇವೆ. ನಿಲ್ದಾಣದ ಮುಂಭಾಗದಲ್ಲಿ ಸ್ಥಳೀಯ ಕಲೆ, ಸಂಸ್ಕೃತಿ ಕಾಣಬೇಕು ಅಂತ ಯೋಜನೆಯೇ ಹೇಳುತ್ತದೆ. ನಮ್ಮಲ್ಲಿ ಸ್ಥಳೀಯ ಅಂದ ತಕ್ಷಣ ಬಿದ್ರಿ ಹೂಜಿ, ಕೋಟೆಯ ಕಮಾನು ಬರುತ್ತವೆ. ಬರಲಿ, ಯಾರೂ ಬೇಡ ಅನ್ನಲ್ಲ. ಅದರ ಪಕ್ಕ ಒಂದು ಗೋಡೆ ಹೆಸರುಗಳಿಗೆ ಸಿಕ್ಕರೆ ಖರ್ಚು ಎಷ್ಟು ಆದೀತು? ಈ ಮಾತನ್ನು ಬೆಂಗಳೂರಿಗಲ್ಲ, ಹುಬ್ಬಳ್ಳಿಗೂ ಅಲ್ಲ, ಸಿಕಂದರಾಬಾದ್‌ಗೆ ಹೇಳಬೇಕು. ಬೀದರ್ ನಿಲ್ದಾಣ ಇರುವುದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ. ಇದನ್ನ ತಿಳಿಯದೆ ಬೇರೆ ಕಡೆ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬರುವವರೇ ಜಾಸ್ತಿ.

ಜಿಯೋಕ್ಯಾಚಿಂಗ್ ಆಟದಲ್ಲೇ ಇದಕ್ಕೆ ಹೊಂದುವ ಒಂದು ಬಗೆ ಇದೆ, ವರ್ಚುವಲ್ ಅಂತಾರೆ. ಡಬ್ಬಿಯೇ ಇರಲ್ಲ. ಹೇಳಿದ ಜಾಗಕ್ಕೆ ಹೋಗಿ ಅಲ್ಲಿರುವ ಫಲಕ ಓದಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಆಯಿತು. ಈ ಗೋಡೆಯಲ್ಲಿ ಔರಾದ್ ತಾಲೂಕಿನ ಹೆಸರು ಎಷ್ಟಿವೆ, ಕೋಟಾ ಭಾರುವಿನಲ್ಲಿ ಇದ್ದವರು ಎಷ್ಟು ಮಂದಿ. ಮುಟ್ಟೋದೂ ಇಲ್ಲ, ಬಚ್ಚಿಡೋದೂ ಇಲ್ಲ, ಮೈಕಿನಲ್ಲಿ ಹೇಳುವ ಮಾತಿಗೆ ವಿರುದ್ಧವೂ ಅಲ್ಲ. ಶಾಲೆಯ ಮಕ್ಕಳನ್ನು ಕೋಟೆ ನೋಡಲು ಕರೆತರುವ ಮೇಷ್ಟ್ರುಗಳಿಗೆ ಇನ್ನೊಂದು ಕಾಲು ಗಂಟೆಯ ಕೆಲಸ.

ಎಲ್ಲಕ್ಕಿಂತ ಕಷ್ಟ ಹೆಸರು ಹುಡುಕೋದು. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯೇ ಮೂರು ಹೋಳಾಯಿತು: ಉದಗೀರ, ನಿಲಂಗಾ ಮರಾಠಿ ಕಡೆಗೆ ಹೋದವು, ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ. ಸಂಸ್ಥಾನದ ಕಾಗದಪತ್ರ ಹೈದರಾಬಾದ್‌ನ ದಫ್ತರಗಳಲ್ಲಿ ಉಳಿದವು, ಬಹುಪಾಲು ಫಾರ್ಸಿ, ಉರ್ದುವಿನಲ್ಲಿ. ಅವನ್ನು ಓದಬಲ್ಲವರು ಬೀದರ್‌ನ ಹಳೆ ಊರಿನಲ್ಲಿ ಇನ್ನೂ ಇದ್ದಾರೆ, ಕೇಳಬೇಕಷ್ಟೆ. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿಯನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಇಂಟರ್ನೆಟ್‌ನಲ್ಲಿ ಹಾಕಿದೆ. ಯಾರು ಬೇಕಾದರೂ ಫೋನಿನಲ್ಲೇ ಹುಡುಕಬಹುದು. ಎಷ್ಟೋ ಕಡೆ ಹೆಸರಿನ ಮುಂದೆ ತಂದೆಯ ಹೆಸರು, ಊರಿನ ಹೆಸರು ಇರುತ್ತದೆ. ಇಂಗ್ಲಿಷ್ ಕಾರಕೂನರು ಕಿವಿಗೆ ಬಿದ್ದ ಹಾಗೆ ಬರೆದಿದ್ದರಿಂದ ನಮ್ಮ ಊರುಗಳು ಗುರುತೇ ಸಿಗದ ಹಾಗೆ ಆಗಿರುತ್ತವೆ. ಅದನ್ನ ಬಿಡಿಸೋಕೆ ಇಲ್ಲಿನವರೇ ಬೇಕು, ದೆಹಲಿಯವರಿಂದ ಆಗೋ ಕೆಲಸ ಅಲ್ಲ.

ಆದರೆ ಅದು ಸತ್ತವರ ಪಟ್ಟಿ. ಬದುಕಿ ವಾಪಸ್ ಬಂದು, ಒಕ್ಕಲುತನ ಮಾಡಿ, ಕಟ್ಟೆ ಮೇಲೆ ಕೂತು ಸಿಂಗಾಪುರದ ಕತೆ ಹೇಳಿ ತೀರಿಕೊಂಡವರ ಹೆಸರು ಯಾವ ಕಂಪ್ಯೂಟರಿನಲ್ಲೂ ಸಿಗಲ್ಲ. 1942ರಲ್ಲಿ ಹದಿನೆಂಟು ವರ್ಷದವನಾಗಿದ್ದವನು ಇದ್ದಿದ್ದರೆ ಈಗ ನೂರು ದಾಟಿರುತ್ತಿದ್ದ. ಅವರ ಮಕ್ಕಳಿಗೇ ಎಂಬತ್ತು ಆಗಿದೆ. ಪದಕಗಳು ಬೆಳ್ಳಿ ಅಂತ ಮೋಂಡಾದಲ್ಲಿ ಕರಗಿದ್ದರೆ ಕರಗಿದವು, ಡಿಸ್ಚಾರ್ಜ್ ಕಾಗದ ಮಾತ್ರ ಕೆಲವು ಮನೆಗಳ ಟ್ರಂಕಿನಲ್ಲಿ ಹಳೆ ಪಹಣಿ, ಲಗ್ನಪತ್ರಿಕೆಗಳ ನಡುವೆ ಇನ್ನೂ ಇರಬಹುದು. ಬೆಳಿಗ್ಗೆ ಐದಕ್ಕೇ ಎದ್ದು ಅಗ್ನಿವೀರ ಭರ್ತಿಗೆಂದು ಓಡುವ ಹುಡುಗರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ತಮ್ಮದೇ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಏನಿದೆ ಅಂತ ಅವರಾದರೂ ಒಂದು ಸಲ ಕೆಳಗಿಳಿಸಿ ನೋಡಲಿ. ಈ ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ ಹಳೆ ಕಾಗದ ರದ್ದಿಗೆ ಹಾಕೋಕೆ ಮೊದಲು.